ಒಂದನೇ ನಂಬರು ಯಾರದು?

ಲಿನಕ್ಸ್ ಕರ್ನೆಲ್‌ನ ಸೋರ್ಸ್ ಕೋಡಿನಲ್ಲಿ ‘ಪಿಐಡಿ.ಸಿ’ ಎಂಬ ಒಂದು ಫೈಲಿದೆ. ದೊಡ್ಡದೇನಲ್ಲ, ಒಂದು ಸಂಜೆ ಕೂತರೆ ಓದಿ ಮುಗಿಸಬಹುದು. ಅದರ ತಲೆಯ ಮೇಲಿರುವ ಕಮೆಂಟನ್ನು ನಾನು ಗುಡಿಯ ಮುಂದೆ ನಿಲ್ಲಿಸಿದ ದಾನಶಾಸನವನ್ನು ಓದಿದ ಹಾಗೆ ಓದುತ್ತೇನೆ. ಯಾರು ಕೊಟ್ಟರು, ಯಾವ ವರ್ಷ, ಯಾರ ಕಡೆಯಿಂದ, ಎಲ್ಲವೂ ಅಲ್ಲಿದೆ. ಮೊದಲು ನಾಡಿಯಾ ಇವೆಟ್ ಚೇಂಬರ್ಸ್, 2002ರಿಂದ 2003, ಐಬಿಎಂ. ಮತ್ತೆ ಅವರೇ, 2004ರಲ್ಲಿ ಒರಾಕಲ್. ಇಂಗೋ ಮೊಲ್ನಾರ್, 2002ರಿಂದ 2004, ರೆಡ್ ಹ್ಯಾಟ್. ಅದರ ಕೆಳಗೆ ಬೇರೆಯದೇ ಗುಂಪು: ಪಾವೆಲ್ ಎಮೆಲ್ಯಾನೊವ್, 2007, ಓಪನ್‌ವಿಝೆಡ್. ಸುಕದೇವ್ ಭಟ್ಟಿಪ್ರೋಲು, 2007, ಐಬಿಎಂ. ಕೊನೆಯ ಸಾಲಿನಲ್ಲಿ ಒಲೆಗ್ ನೆಸ್ಟೆರೊವ್ ಅವರ ಸಲಹೆಗೂ ಸಹಾಯಕ್ಕೂ ಕೃತಜ್ಞತೆ.

ಈ ಎರಡು ಗುಂಪುಗಳ ನಡುವಿನ ಐದು ವರ್ಷಗಳಲ್ಲಿ ಯುನಿಕ್ಸ್ ಹುಟ್ಟಿದಾಗಿನಿಂದ ನಡೆದುಬಂದ ಒಂದು ನಂಬಿಕೆ ಬಿದ್ದುಹೋಯಿತು. ಕಂಪ್ಯೂಟರಿನಲ್ಲಿ ಓಡುವ ಪ್ರತಿ ಪ್ರೋಗ್ರಾಮಿಗೂ, ಅಂದರೆ ಪ್ರತಿ ಪ್ರೊಸೆಸ್‌ಗೂ, ಕರ್ನೆಲ್ ಒಂದು ನಂಬರು ಕೊಡುತ್ತದೆ. ಅದೇ ಪಿಐಡಿ. ಹೆಪ್ಪುಗಟ್ಟಿ ನಿಂತ ಪ್ರೋಗ್ರಾಮನ್ನು ಕೊಲ್ಲಬೇಕಾದಾಗ ನಾವು ಟೈಪ್ ಮಾಡುವುದು ಅದೇ ನಂಬರನ್ನು. ಇಡೀ ಯಂತ್ರಕ್ಕೆ ಇರುವುದು ಒಂದೇ ಪಟ್ಟಿ, ಆ ಪಟ್ಟಿಯಲ್ಲಿ ಒಂದು ನಂಬರಿಗೆ ಒಬ್ಬನೇ ಎಂದು ಎಲ್ಲರೂ ತಿಳಿದಿದ್ದರು. ಇವತ್ತು ನಮ್ಮ ಬ್ಯಾಂಕಿನ ಆ್ಯಪ್‌ನಿಂದ ಹಿಡಿದು ರೈಲು ಟಿಕೆಟ್‌ವರೆಗೆ ಯಾವುದರ ಹಿಂದಿನ ಸರ್ವರನ್ನು ನೋಡಿದರೂ ಒಂದೇ ಯಂತ್ರದಲ್ಲಿ ನೂರಾರು ‘ಒಂದನೇ ನಂಬರು’ಗಳು ಒಟ್ಟಿಗೆ ಬದುಕುತ್ತಿರಬಹುದು. ಅಲ್ಲಿಗೆ ತಲುಪಿದ ದಾರಿ ನೇರವಾಗಿರಲಿಲ್ಲ.

ಹಳೆಯ ಕಾಲದಿಂದಲೇ ಶುರುಮಾಡಬೇಕು. ಬೆಲ್ ಲ್ಯಾಬ್ಸ್ 1975ರಲ್ಲಿ ಹೊರತಂದ ಯುನಿಕ್ಸ್‌ನ ಆರನೇ ಆವೃತ್ತಿಯನ್ನು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಸಾಲುಸಾಲಾಗಿ ಬಿಡಿಸಿ ವಿವರಿಸಿದರು. ಅವರ ಪುಸ್ತಕ ಎರಡು ದಶಕ ಜೆರಾಕ್ಸ್ ಪ್ರತಿಗಳಲ್ಲೇ ಕೈಯಿಂದ ಕೈಗೆ ದಾಟಿತು. ಅದರಲ್ಲಿ ಹೊಸ ಪ್ರೊಸೆಸ್ ಹುಟ್ಟಿಸುವ ಭಾಗ ನೋಡಿದರೆ ನಂಬರು ಕೊಡುವ ಕೆಲಸ ಕೆಲವೇ ಸಾಲು. ಕಳೆದ ಬಾರಿ ಕೊಟ್ಟ ನಂಬರಿಗೆ ಒಂದು ಕೂಡಿಸು. ಅದು ಸೊನ್ನೆಗಿಂತ ಕೆಳಗಿಳಿದರೆ ಮತ್ತೆ ಮೊದಲಿನಿಂದ ಎಣಿಸು. ಪಟ್ಟಿಯಲ್ಲಿ ಆ ನಂಬರು ಯಾರಿಗಾದರೂ ಇದ್ದರೆ ಮುಂದಿನದನ್ನು ನೋಡು. ಕೂಡುತ್ತಾ ಹೋದರೆ ಕೆಳಗಿಳಿಯುವುದು ಹೇಗೆ ಎಂದರೆ, ಪಿಡಿಪಿ-11 ಯಂತ್ರದ ಪೂರ್ಣಾಂಕಕ್ಕೆ 16 ಬಿಟ್, 32,767 ದಾಟಿದೊಡನೆ ಅದು ಋಣಸಂಖ್ಯೆಯಾಗಿ ಮಗುಚಿಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಜಾಗವಿದ್ದದ್ದು ಬರೀ 50 ಪ್ರೊಸೆಸ್‌ಗಳಿಗೆ. ಐವತ್ತು ಜನರ ಊರಿನಲ್ಲಿ ಒಂದು ಹೆಸರು ಖಾಲಿ ಇದೆಯೇ ಎಂದು ಮನೆಮನೆಗೆ ಹೋಗಿ ಕೇಳಿದರೂ ಹೊತ್ತಾಗುವುದಿಲ್ಲ.

ಈ ಊರಿನಲ್ಲಿ ಒಂದನೇ ನಂಬರಿಗೆ ಮಾತ್ರ ವಿಶೇಷ ಸ್ಥಾನ. ಯಂತ್ರ ಏಳುವಾಗ ಮೊದಲು ಹುಟ್ಟುವ ಪ್ರೊಸೆಸ್ ಅದು, ಹೆಸರು ಇನಿಟ್. ಮಿಕ್ಕವರೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಒಂದು ಪ್ರೊಸೆಸ್ ಸತ್ತರೆ ಅದರ ತಂದೆ ಬಂದು ‘ಹೇಗೆ ಸತ್ತೆ’ ಎಂದು ಕೇಳುವವರೆಗೆ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಕೇಳುವವರಿಲ್ಲದೆ ಉಳಿದದ್ದನ್ನು ಜೋಂಬಿ ಎನ್ನುತ್ತಾರೆ, ಉತ್ತರಕ್ರಿಯೆಯಾಗದ ಜೀವದ ಹಾಗೆ. ತಂದೆಯೇ ಮೊದಲು ಸತ್ತರೆ ಅನಾಥ ಮಕ್ಕಳನ್ನು ಇನಿಟ್ ತನ್ನ ಮಡಿಲಿಗೆ ಹಾಕಿಕೊಂಡು, ಅವು ಸತ್ತಾಗ ಆ ಕೊನೆಯ ಕೆಲಸವನ್ನೂ ಮಾಡುತ್ತದೆ. ಈ ಮನೆಹಿರಿಯನ ಜವಾಬ್ದಾರಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಎಷ್ಟೋ ಜನ ಎಂಜಿನಿಯರುಗಳ ರಾತ್ರಿ ನಿದ್ದೆ ಕೆಡಿಸಿದ್ದು ಇದೇ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ 0.01ರಲ್ಲೂ ಉಪಾಯ ಅದೇ: ಒಂದು ಕೂಡಿಸು, ಸೊನ್ನೆಗಿಂತ ಕೆಳಗಾದರೆ ಒಂದರಿಂದ ಶುರುಮಾಡು, ಪಟ್ಟಿ ನೋಡು. ಪಟ್ಟಿಯ ಉದ್ದ ಮಾತ್ರ 64 ಆಗಿತ್ತು.

ಹತ್ತು ವರ್ಷದಲ್ಲಿ ಊರು ನಗರವಾಯಿತು. 2002ರಲ್ಲಿ ಉಲ್ರಿಚ್ ಡ್ರೆಪ್ಪರ್ ಮತ್ತು ಇಂಗೋ ಮೊಲ್ನಾರ್ ಲಿನಕ್ಸ್‌ಗೆ ಹೊಸ ಥ್ರೆಡ್ ಲೈಬ್ರರಿಯೊಂದನ್ನು ಕಟ್ಟುತ್ತಿದ್ದರು. ಅವರ ಪರೀಕ್ಷೆ ಒಂದು ಲಕ್ಷ ಥ್ರೆಡ್‌ಗಳದು. ಥ್ರೆಡ್ ಎಂದರೆ ಒಂದು ಪ್ರೊಸೆಸ್‌ನೊಳಗೆ ಓಡುವ ಎಳೆ, ಲಿನಕ್ಸ್‌ನಲ್ಲಿ ಅದಕ್ಕೂ ನಂಬರು ಬೇಕು. ಒಂದು ಲಕ್ಷ ಜನರಿರುವಾಗ ಖಾಲಿ ನಂಬರಿಗಾಗಿ ಮನೆಮನೆ ಅಲೆಯುತ್ತಿದ್ದರೆ ಯಂತ್ರ ಅದೊಂದೇ ಕೆಲಸ ಮಾಡುತ್ತ ಕೂರಬೇಕಾಗುತ್ತದೆ. ಮೊಲ್ನಾರ್ ಹಾಕಿದ ಹೊಸ ಲೆಕ್ಕ ನನಗೆ ಇವತ್ತಿಗೂ ಚೆಂದ ಕಾಣುತ್ತದೆ. ಮೆಮೊರಿಯ ಒಂದು ಪುಟ 4,096 ಬೈಟ್. ಒಂದು ಬೈಟಿಗೆ 8 ಬಿಟ್. ಗುಣಿಸಿದರೆ ಸರಿಯಾಗಿ 32,768. ಲಿನಕ್ಸ್ ಆಗ ಇಟ್ಟುಕೊಂಡಿದ್ದ ಪಿಐಡಿ ಮಿತಿಯೂ ಅಷ್ಟೇ. ಒಂದು ನಂಬರಿಗೆ ಒಂದು ಬಿಟ್: ಕೊಟ್ಟಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ಮಾಮೂಲಿ ಯಂತ್ರದ ಅಷ್ಟೂ ನಂಬರುಗಳ ಲೆಕ್ಕ ಒಂದೇ ಪುಟದಲ್ಲಿ ಕೂತಿತು, ಹೆಚ್ಚು ಬೇಕಾದವರಿಗೆ ಇನ್ನಷ್ಟು ಪುಟ. ಹಳೆಯ ಕರ್ನೆಲ್‌ನಲ್ಲಿ ಸುಮಾರು 15 ನಿಮಿಷ ಹಿಡಿಯುತ್ತಿದ್ದ ಒಂದು ಲಕ್ಷ ಥ್ರೆಡ್‌ಗಳ ಪರೀಕ್ಷೆ ಹೊಸ ಲೈಬ್ರರಿ ಮತ್ತು ಅದಕ್ಕಾಗಿ ಕರ್ನೆಲ್‌ನಲ್ಲಿ ಮಾಡಿದ ಬದಲಾವಣೆಗಳೆಲ್ಲ ಸೇರಿ 2 ಸೆಕೆಂಡಿಗೆ ಇಳಿಯಿತು. ಶಾಸನದ ಮೊದಲ ಗುಂಪಿನ ದಾನ ಇದು. ನಂಬರು ಕೊಡುವ ವೇಗ ಬದಲಾಯಿತು, ನಂಬರಿನ ಅರ್ಥ ಹಾಗೇ ಉಳಿಯಿತು.

ಅರ್ಥವನ್ನೇ ಅಲುಗಿಸಿದವರು ಎರಡು ಬೇರೆ ಬೇರೆ ದಿಕ್ಕಿನಿಂದ ಬಂದರು.

ಒಂದು ಕಡೆ ಹೋಸ್ಟಿಂಗ್ ನಡೆಸುವವರು. ಒಂದೇ ಯಂತ್ರವನ್ನು ಹತ್ತಾರು ಗ್ರಾಹಕರಿಗೆ ಬಾಡಿಗೆ ಕೊಡಬೇಕು, ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನಿಸಬೇಕು, ಪಕ್ಕದವನ ಪ್ರೊಸೆಸ್ ಕಾಣಲೂಬಾರದು. ಫ್ರೀಬಿಎಸ್‌ಡಿಗೆ ಪೌಲ್-ಹೆನ್ನಿಂಗ್ ಕಾಂಪ್ 2000ದಲ್ಲಿ ‘ಜೈಲ್’ ತಂದರು. ಒಳಗಿನವರಿಗೆ ಹೊರಗಿನವರು ಕಾಣದ ಹಾಗೆ ಗೋಡೆ ಎದ್ದಿತು, ಆದರೆ ನಂಬರಿನ ಸರಣಿ ಇಡೀ ಯಂತ್ರಕ್ಕೆ ಒಂದೇ ಆಗಿ ಉಳಿಯಿತು. ಲಿನಕ್ಸ್‌ನಲ್ಲಿ ಜಾಕ್ ಜೆಲಿನಾ ಅವರ ವಿಸರ್ವರ್ ಬಂತು, ಎಸ್‌ಡಬ್ಲ್ಯೂಸಾಫ್ಟ್ ಕಂಪನಿಯ ವರ್ಚುವೋಝೊ ಬಂತು. ಎರಡನೆಯದರ ಮುಕ್ತ ರೂಪವೇ 2005ರ ಓಪನ್‌ವಿಝೆಡ್. ಇವೆಲ್ಲ ಮೂಲ ಕರ್ನೆಲ್‌ನ ಹೊರಗೆ ಪ್ಯಾಚ್‌ಗಳಾಗಿ ಬಾಳುತ್ತಿದ್ದವು.

ಇನ್ನೊಂದು ಕಡೆ ಸೂಪರ್‌ಕಂಪ್ಯೂಟರಿನವರು. ಅವರ ಲೆಕ್ಕಗಳು ವಾರಗಟ್ಟಲೆ ಓಡುತ್ತವೆ. ನಡುವೆ ಯಂತ್ರ ಕೆಟ್ಟರೆ ಅಷ್ಟು ದಿನದ ಕೆಲಸ ಹೋಯಿತು. ಹಾಗಾಗಿ ಓಡುತ್ತಿರುವ ಪ್ರೊಸೆಸನ್ನು ಹಾಗೆಯೇ ನಿಲ್ಲಿಸಿ, ಡಿಸ್ಕಿನಲ್ಲಿ ಉಳಿಸಿ, ಇನ್ನೊಂದು ಯಂತ್ರದಲ್ಲಿ ಎಬ್ಬಿಸುವ ಆಸೆ. ಇಲ್ಲಿ ನಂಬರೇ ಅಡ್ಡ ಬರುತ್ತದೆ. ಪ್ರೋಗ್ರಾಮು ತನ್ನ ಮಕ್ಕಳ ನಂಬರುಗಳನ್ನು ತನ್ನ ಮೆಮೊರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ: ಮಗ 812, ಮಗಳು 815. ಹೊಸ ಯಂತ್ರದಲ್ಲಿ ಕಣ್ಣು ಬಿಟ್ಟು 812ಕ್ಕೆ ಸಿಗ್ನಲ್ ಕಳಿಸಿದರೆ ಅದು ಅಲ್ಲಿ ಮೊದಲೇ ಇದ್ದ, ಸಂಬಂಧವೇ ಇಲ್ಲದ ಯಾರಿಗೋ ಹೋಗಿ ಬೀಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಜೇಸನ್ ನೀ ಮತ್ತು ಅವರ ಸಂಗಡಿಗರು 2002ರಲ್ಲಿ ‘ಝ್ಯಾಪ್’ ಎಂಬ ವ್ಯವಸ್ಥೆ ಮಾಡಿ ಇದಕ್ಕೆ ಉತ್ತರ ಕೊಟ್ಟರು: ಪ್ರೊಸೆಸ್‌ಗಳ ಗುಂಪಿಗೆ ಅದರದೇ ನಂಬರುಗಳಿರಲಿ, ಗುಂಪು ಎಲ್ಲಿಗೆ ಹೋದರೂ ಅವು ಅದರ ಜತೆಗೇ ಹೋಗಲಿ.

ಅದೇ 2002ರಲ್ಲಿ ಅಲ್ ವೀರೊ ಬೇರೊಂದು ಕಿಂಡಿ ತೆರೆದಿದ್ದರು. ಲಿನಕ್ಸ್ 2.4.19ರಲ್ಲಿ ಪ್ರತಿ ಪ್ರೊಸೆಸ್ ಗುಂಪಿಗೂ ತನ್ನದೇ ಫೈಲ್‌ಸಿಸ್ಟಮ್ ಮೌಂಟ್‌ಗಳ ನೋಟ ಸಿಗುವಂತಾಯಿತು. ಬೆಲ್ ಲ್ಯಾಬ್ಸ್‌ನವರು ಪ್ಲಾನ್ 9ರಲ್ಲಿ ಮೊದಲೇ ತೋರಿಸಿಕೊಟ್ಟಿದ್ದ ವಿಚಾರ ಅದು. ಆ ಸೌಲಭ್ಯದ ಗುರುತಿಗೆ ಇಟ್ಟ ಹೆಸರು ‘ಹೊಸ ನೇಮ್‌ಸ್ಪೇಸ್’ ಎಂದಷ್ಟೇ, ಯಾವುದರ ನೇಮ್‌ಸ್ಪೇಸ್ ಎಂದಿಲ್ಲ. ಮುಂದೆ ಇನ್ನೂ ಅರ್ಧ ಡಜನ್ ಬಗೆಯವು ಬರುತ್ತವೆಂದು ಆಗ ಅಂದುಕೊಂಡಿರಲಿಲ್ಲ.

2006ರ ಆರಂಭದಲ್ಲಿ ಈ ದಾರಿಗಳೆಲ್ಲ ಕರ್ನೆಲ್ ಚರ್ಚೆಯಲ್ಲಿ ಎದುರುಬದುರಾದವು. ಐಬಿಎಂನ ಸರ್ಜ್ ಹ್ಯಾಲಿನ್ ಒಂದು ಪ್ಯಾಚ್ ಸರಣಿ ಇಟ್ಟರು, ಓಪನ್‌ವಿಝೆಡ್‌ನವರು ತಮ್ಮದನ್ನು ಇಟ್ಟರು. ಇಬ್ಬರದೂ ಒಂದು ಬಗೆಯ ದುಭಾಷಿ ಕೆಲಸ. ಕರ್ನೆಲ್‌ನ ಒಳಗೆ ನಿಜವಾದ ನಂಬರು ಒಂದೇ, ಪ್ರೋಗ್ರಾಮಿಗೆ ಉತ್ತರ ಹೇಳುವಾಗ ಬಾಗಿಲಲ್ಲಿ ಅದನ್ನು ಬೇರೆ ನಂಬರಿಗೆ ಬದಲಿಸು, ಪ್ರೋಗ್ರಾಮು ನಂಬರು ಹೇಳಿದಾಗ ಬಾಗಿಲಲ್ಲೇ ತಿರುಗಿ ಬದಲಿಸು. ಕೋಡಿನಲ್ಲಿ ಕಡಿಮೆ ಕೈಯಾಡಿಸಿದರೆ ಸಾಕಿತ್ತು.

ಎರಿಕ್ ಬೀಡರ್‌ಮನ್ ಇದನ್ನು ಒಪ್ಪಲಿಲ್ಲ. ನಿಜವಾದ ನಂಬರು, ತೋರಿಕೆಯ ನಂಬರು ಎಂಬ ಭೇದವೇ ಬೇಡ, ನಂಬರು ಅದು ಸೇರಿದ ಜಾಗದ, ಅಂದರೆ ನೇಮ್‌ಸ್ಪೇಸಿನ, ಒಳಗೆ ಮಾತ್ರ ನಂಬರು ಎಂಬ ದಾರಿ ಅವರದು. ನಮ್ಮ ಕಡೆ ಪಹಣಿ ತೆಗೆಸಿದವರಿಗೆ ಇದು ಕೂಡಲೇ ಹಿಡಿಯುತ್ತದೆ. ‘ಸರ್ವೆ ನಂಬರ್ 12’ ಎಂದು ಕೇಳಿದರೆ ನಾಡಕಚೇರಿಯಲ್ಲಿ ‘ಯಾವ ಗ್ರಾಮ?’ ಎಂದು ತಿರುಗಿ ಕೇಳುತ್ತಾರೆ. ಹನ್ನೆರಡನೇ ನಂಬರು ಎಲ್ಲ ಊರಿನಲ್ಲೂ ಇದೆ. ಯಾವ ಊರಿನದೂ ಇನ್ನೊಂದರ ನಕಲಲ್ಲ. ಆ ವರ್ಷದ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಬೀಡರ್‌ಮನ್ ಓದಿದ ಪ್ರಬಂಧ ಪಿಐಡಿಯನ್ನು ಮಾತ್ರವಲ್ಲ, ಕರ್ನೆಲ್‌ನಲ್ಲಿ ‘ಇಡೀ ಯಂತ್ರಕ್ಕೆ ಒಂದೇ’ ಎಂದು ಕೂತಿದ್ದ ಹೆಸರಿನ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಹೆಸರಿಸಿ, ಪ್ರತಿಯೊಂದನ್ನೂ ಹೀಗೆ ಹಲವಾಗಿಸಬಹುದು ಎಂದು ತೋರಿಸಿತು.

ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ದುಡಿಮೆ ಇದರ ನಂತರ ನಡೆದದ್ದು, ಮತ್ತು ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಕರ್ನೆಲ್‌ನ ಮೂಲೆಮೂಲೆಯಲ್ಲಿ ನಂಬರುಗಳನ್ನು ಬರಿಯ ಅಂಕಿಯಾಗಿ ಬರೆದಿಟ್ಟುಕೊಂಡ ಜಾಗಗಳಿದ್ದವು. ಟರ್ಮಿನಲ್ ಯಾರ ಕೈಯಲ್ಲಿದೆ? ಅಂಕಿ. ಫೈಲಿನಲ್ಲಿ ಏನಾದರೂ ಬಂದರೆ ಯಾರಿಗೆ ಸುದ್ದಿ ಹೇಳಬೇಕು? ಅಂಕಿ. ಹತ್ತಾರು ಡ್ರೈವರುಗಳು ತಮ್ಮ ಕೆಲಸದ ಥ್ರೆಡ್‌ಗಳನ್ನು ನಂಬರು ಹಿಡಿದೇ ಎಬ್ಬಿಸಿ, ನಂಬರು ಹಿಡಿದೇ ಕೊಲ್ಲುತ್ತಿದ್ದವು. ನಂಬರಿಗೆ ಊರಿನ ಹೆಸರೂ ಬೇಕೆಂದಾದ ದಿನ ಇವೆಲ್ಲ ತಪ್ಪು ಮನೆಯ ಬಾಗಿಲು ತಟ್ಟುತ್ತವೆ.

ನಂಬರು ಬರೆದಿಡುವುದರಲ್ಲಿ ಇನ್ನೊಂದು ಹಳೆಯ ರೋಗವೂ ಇತ್ತು. ನಾನು 812 ಎಂದು ಬರೆದಿಟ್ಟುಕೊಂಡೆ. ಆ ಪ್ರೊಸೆಸ್ ಸತ್ತಿತು. ನಂಬರುಗಳು ಒಂದು ಸುತ್ತು ಬಂದು 812 ಹೊಸಬನಿಗೆ ಸಿಕ್ಕಿತು. ಈಗ ನಾನು ಕಳಿಸುವ ಸಾವಿನ ಸಿಗ್ನಲ್ ಯಾರಿಗೆ? ಅಂಕಿಯ ಬದಲು ಇಡೀ ಪ್ರೊಸೆಸ್‌ನ ದಾಖಲೆಯನ್ನೇ ಹಿಡಿದುಕೊಂಡರೆ, ಅದು ಸತ್ತ ಮೇಲೂ ಸುಮಾರು ಹತ್ತು ಕಿಲೋಬೈಟ್ ಮೆಮೊರಿ ಬಿಡುಗಡೆಯಾಗದೆ ನಿಲ್ಲುತ್ತಿತ್ತು. ಬೀಡರ್‌ಮನ್ 2006ರಲ್ಲಿ ‘ಸ್ಟ್ರಕ್ಟ್ ಪಿಐಡಿ’ ಎಂಬ ಸಣ್ಣ ವಸ್ತುವನ್ನು ನಡುವೆ ತಂದರು. ಗಾತ್ರ ಸುಮಾರು 64 ಬೈಟ್. ಪ್ರೊಸೆಸ್ ಸತ್ತರೂ ಈ ಗುರುತುಚೀಟಿ ಉಳಿಯುತ್ತದೆ, ಹೊಸಬನಿಗೆ ಅದೇ ನಂಬರು ಬಂದರೂ ಚೀಟಿ ಬೇರೆ. ಆಮೇಲೆ ಎರಡು ವರ್ಷ ಬೀಡರ್‌ಮನ್, ಹ್ಯಾಲಿನ್, ಸೆಡ್ರಿಕ್ ಲ ಗೋಟೆರ್, ಭಟ್ಟಿಪ್ರೋಲು ಮೊದಲಾದವರು ಒಂದೊಂದೇ ಮೂಲೆಗೆ ಹೋಗಿ ಅಂಕಿ ಕಿತ್ತು ಚೀಟಿ ಇಟ್ಟರು, ಡ್ರೈವರುಗಳ ಥ್ರೆಡ್‌ಗಳನ್ನು ಹೊಸ ಪದ್ಧತಿಗೆ ತಂದರು. ಪ್ರತಿಯೊಂದೂ ಸಣ್ಣ ಪ್ಯಾಚ್. ಹೊಲ ಉತ್ತು ಹದ ಮಾಡುವ ಕೆಲಸ ಅದು, ಬಿತ್ತನೆ ಇನ್ನೂ ಮುಂದಿತ್ತು.

ಬಿತ್ತಿದವರು ಎಮೆಲ್ಯಾನೊವ್ ಮತ್ತು ಭಟ್ಟಿಪ್ರೋಲು. 2006ರಲ್ಲಿ ದುಭಾಷಿ ದಾರಿಗೆ ವಾದಿಸಿದ್ದ ಓಪನ್‌ವಿಝೆಡ್‌ನವರೇ ಈಗ ನೇಮ್‌ಸ್ಪೇಸ್ ದಾರಿಯ ಕೋಡ್ ಬರೆದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2008ರ ಜನವರಿ 24ರಂದು ಬಂದ ಲಿನಕ್ಸ್ 2.6.24ರಲ್ಲಿ ಅದು ಸೇರಿತು, ‘ಪ್ರಾಯೋಗಿಕ’ ಎಂಬ ಎಚ್ಚರಿಕೆಯೊಂದಿಗೆ.

ಅದರ ವಿನ್ಯಾಸ ಹೀಗಿದೆ. ಗುರುತುಚೀಟಿಯ ಕೊನೆಯಲ್ಲಿ ನಂಬರುಗಳ ಒಂದು ಸಾಲು, ಪ್ರತಿ ನಂಬರಿನ ಪಕ್ಕದಲ್ಲಿ ಅದು ಯಾವ ನೇಮ್‌ಸ್ಪೇಸಿನದು ಎಂಬ ಗುರುತು. ನೇಮ್‌ಸ್ಪೇಸ್‌ಗಳು ಒಂದರೊಳಗೊಂದು ಇರುತ್ತವೆ. ಎರಡು ಮೆಟ್ಟಿಲು ಒಳಗೆ ಹುಟ್ಟಿದ ಪ್ರೊಸೆಸ್‌ಗೆ ಮೂರು ನಂಬರು: ತನ್ನ ಮನೆಯಲ್ಲಿ ಒಂದು, ಹೊರಮನೆಯಲ್ಲಿ ಒಂದು, ಯಂತ್ರದ ಅಂಗಳದಲ್ಲಿ ಒಂದು. ಪ್ರತಿ ಮನೆಗೂ ಆಗ ತನ್ನದೇ ಬಿಟ್ ಪುಟವಿತ್ತು. ಹೊರಗಿನವರಿಗೆ ಒಳಗಿನವರು ಕಾಣುತ್ತಾರೆ, ಒಳಗಿನವರಿಗೆ ಹೊರಗಿನವರು ಕಾಣುವುದಿಲ್ಲ. ಒಳಗಿನ ಮೊದಲಿಗ ‘ನನ್ನ ತಂದೆಯ ನಂಬರೇನು’ ಎಂದು ಕೇಳಿದರೆ ಕರ್ನೆಲ್ ಸೊನ್ನೆ ಎನ್ನುತ್ತದೆ, ಏಕೆಂದರೆ ಆ ತಂದೆಗೆ ಈ ಮನೆಯಲ್ಲಿ ನಂಬರಿಲ್ಲ. ಮೂವತ್ತೈದು ವರ್ಷ ‘ನಿನ್ನ ನಂಬರೇನು’ ಎಂದಷ್ಟೇ ಇದ್ದ ಪ್ರಶ್ನೆ ಕರ್ನೆಲ್‌ನ ಒಳಗೆ ಮೂರಾಯಿತು: ಇಡೀ ಯಂತ್ರಕ್ಕೆ ನಿನ್ನ ನಂಬರೇನು, ಕೇಳುತ್ತಿರುವ ನನಗೆ ನೀನು ಎಷ್ಟನೆಯವನು, ಇಂಥ ಮನೆಯಲ್ಲಿ ನೀನು ಎಷ್ಟನೆಯವನು.

ಮನೆಗೊಬ್ಬ ಒಂದನೇ ನಂಬರು ಬಂದ ಮೇಲೆ ಅವನಿಗೆ ಹಳೆಯ ಇನಿಟ್‌ನ ಹೊಣೆ, ಮರ್ಯಾದೆ ಎರಡೂ ಬಂದವು. ಅವನ ಮನೆಯ ಅನಾಥರನ್ನು ಅವನೇ ನೋಡಿಕೊಳ್ಳಬೇಕು. ಮನೆಯೊಳಗಿನವರು ಯಾರೂ ಅವನನ್ನು ಕೊಲ್ಲಲಾಗದು, ಹೊರಗಿನ ಹಿರಿಯರಿಗೆ ಮಾತ್ರ ಆ ಅಧಿಕಾರ. ಈ ಸಿಗ್ನಲ್ ನಿಯಮಗಳು ನೆಟ್ಟಗಾದದ್ದು 2009ರಲ್ಲಿ. ಅವನು ಸತ್ತರೆ ಆ ಮನೆಯ ಎಲ್ಲರನ್ನೂ ಕರ್ನೆಲ್ ಆ ಕ್ಷಣವೇ ಕೊಲ್ಲುತ್ತದೆ. ಆಮೇಲೆ ಅಲ್ಲಿ ಯಾರೂ ಹುಟ್ಟಲಾರರು.

ಈ ಕೊನೆಯ ನಿಯಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ‘ಅನ್‌ಶೇರ್’ ಎಂಬ ಕಮಾಂಡಿನಿಂದ ಹೊಸ ಪಿಐಡಿ ನೇಮ್‌ಸ್ಪೇಸ್ ಮಾಡಿ ಅದರಲ್ಲಿ ಬ್ಯಾಷ್ ಶೆಲ್ ಓಡಿಸಲು ಹೊರಟೆ. ಶೆಲ್ ಬಂತು. ಒಂದು ಕಮಾಂಡ್ ಕೊಟ್ಟೆ, ಓಡಿತು. ಎರಡನೆಯದಕ್ಕೆ ‘ಫೋರ್ಕ್: ಕೆನಾಟ್ ಅಲೋಕೇಟ್ ಮೆಮೊರಿ’ ಎಂದು ಬಂತು. ಮತ್ತೆ ಕೊಟ್ಟೆ, ಮತ್ತೆ ಅದೇ. ಪಕ್ಕದ ಟರ್ಮಿನಲ್‌ನಲ್ಲಿ ನೋಡಿದರೆ ಮೆಮೊರಿ ಬೇಕಾದಷ್ಟು ಖಾಲಿ. ಅರ್ಧ ದಿನ ಹುಡುಕಿದ ಮೇಲೆ ಹೊಳೆಯಿತು. ಒಂದು ಪ್ರೊಸೆಸ್‌ನ ನಂಬರು ಅದು ಸಾಯುವವರೆಗೆ ಬದಲಾಗುವಂತಿಲ್ಲ, ಎಷ್ಟೋ ಪ್ರೋಗ್ರಾಮುಗಳು ಆ ಭರವಸೆಯ ಮೇಲೆ ನಿಂತಿವೆ. ಅದಕ್ಕೇ ಅನ್‌ಶೇರ್ ಕರೆದವನು ಹಳೆಯ ಮನೆಯಲ್ಲೇ ಉಳಿಯುತ್ತಾನೆ, ಅವನಿಗೆ ಮುಂದೆ ಹುಟ್ಟುವ ಮಕ್ಕಳು ಮಾತ್ರ ಹೊಸ ಮನೆಗೆ ಸೇರುತ್ತಾರೆ. ನನ್ನ ಬ್ಯಾಷ್ ಹೊರಗೇ ಇತ್ತು. ನಾನು ಕೊಟ್ಟ ಮೊದಲ ಕಮಾಂಡೇ ಆ ಮನೆಯ ಒಂದನೇ ನಂಬರಾಯಿತು. ಅದು ತನ್ನ ಕೆಲಸ ಮುಗಿಸಿ ಸತ್ತಿತು. ಅದರೊಂದಿಗೆ ಮನೆಯ ಬಾಗಿಲೂ ಮುಚ್ಚಿತು.

‘ಫೋರ್ಕ್’ ಆಯ್ಕೆಯನ್ನೂ, ಪ್ರೊಸೆಸ್ ಪಟ್ಟಿ ತೋರಿಸುವ ‘ಪ್ರಾಕ್’ ಫೈಲ್‌ಸಿಸ್ಟಮನ್ನು ಹೊಸದಾಗಿ ಮೌಂಟ್ ಮಾಡುವ ಆಯ್ಕೆಯನ್ನೂ ಸೇರಿಸಿ ಮತ್ತೆ ಓಡಿಸಿದೆ. ‘ಪಿಎಸ್’ ಎಂದು ಕೇಳಿದರೆ ಎರಡೇ ಸಾಲು: ಒಂದನೇ ನಂಬರು ಬ್ಯಾಷ್, ಇನ್ನೊಂದು ಪಿಎಸ್ ತಾನೇ. ಇನ್ನೂರಕ್ಕೂ ಹೆಚ್ಚು ಪ್ರೊಸೆಸ್ ಓಡುತ್ತಿದ್ದ ಯಂತ್ರದಲ್ಲಿ ಆ ಎರಡು ಸಾಲುಗಳನ್ನು ನೋಡುತ್ತ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪಕ್ಕದ ಟರ್ಮಿನಲ್‌ಗೆ ಅದೇ ಬ್ಯಾಷ್ ಐದಂಕಿಯ ಸಾಮಾನ್ಯ ನಂಬರು.

ನಂಬರು ಬೇರೆಯಾದರೆ ಸಾಲದು, ಅನ್ನವೂ ಪಾಲಾಗಬೇಕು. ಒಂದು ಮನೆಯವರು ಯಂತ್ರದ ಮೆಮೊರಿಯನ್ನೆಲ್ಲ ನುಂಗದ ಹಾಗೆ ತಡೆಯುವ ಕೆಲಸವನ್ನು ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಶುರುಮಾಡಿದ್ದರು. ಸಿಗ್ರೂಪ್ ಎಂಬ ಹೆಸರಿನಲ್ಲಿ ಅದೂ 2.6.24ರಲ್ಲೇ ಬಂತು. ಅದರ ಮೇಲೆ ಮೆಮೊರಿಯ ಹಂಚಿಕೆ ಕಟ್ಟಿದ ಬಲ್ಬೀರ್ ಸಿಂಗ್, ಸಿಪಿಯು ಸಮಯದ ಹಂಚಿಕೆಗೆ ದುಡಿದ ಶ್ರೀವತ್ಸ ವಡ್ಡಗಿರಿ ಇಬ್ಬರೂ ಐಬಿಎಂನ ಬೆಂಗಳೂರು ಲಿನಕ್ಸ್ ಕೇಂದ್ರದವರು. ಕಂಟೇನರ್ ಎಂದು ಇವತ್ತು ಜಗತ್ತು ಕರೆಯುವುದರ ಒಂದು ಪಾಲು ಬೆಂಗಳೂರಿನಲ್ಲಿ ಬರೆದ ಕೋಡು.

ಲಿನಕ್ಸ್‌ನ ಈ ತುಣುಕುಗಳನ್ನು ಹೊಲಿದು 2008ರಲ್ಲಿ ಎಲ್‌ಎಕ್ಸ್‌ಸಿ ಬಂತು. ಬಲ್ಲವರು ಬಳಸಿದರು. 2013ರ ಮಾರ್ಚಿನಲ್ಲಿ ಸಾಂತಾ ಕ್ಲಾರಾದ ಪೈಕಾನ್ ಸಮಾವೇಶದಲ್ಲಿ ಸೊಲೊಮನ್ ಹೈಕ್ಸ್ ಐದು ನಿಮಿಷದ ಮಾತಿನಲ್ಲಿ ಡಾಕರ್ ತೋರಿಸಿದ ಮೇಲೆ ಎಲ್ಲರೂ ಬಳಸಿದರು. ಆಗ ಒಂದನೇ ನಂಬರಿನ ಹೊಣೆ ಅದನ್ನು ಕೇಳಿಯೂ ಇರದ ಪ್ರೋಗ್ರಾಮುಗಳ ತಲೆಗೆ ಬಂತು. ಡಾಕರ್ ಕಂಟೇನರಿನಲ್ಲಿ ನಿಮ್ಮ ವೆಬ್ ಸರ್ವರೇ ಒಂದನೇ ನಂಬರು. ಅನಾಥ ಮಕ್ಕಳನ್ನು ನೋಡಿಕೊಳ್ಳಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಜೋಂಬಿಗಳು ತುಂಬುತ್ತವೆ. ‘ಇನ್ನು ನಿಲ್ಲಿಸು’ ಎಂಬ ಸಿಗ್ನಲ್ ಬಂದಾಗ ಬೇರೆ ಪ್ರೊಸೆಸ್ ಆಗಿದ್ದರೆ ತಾನಾಗಿ ಸಾಯುತ್ತಿತ್ತು. ಒಂದನೇ ನಂಬರಿಗೆ ಆ ಸಹಜ ಸಾವಿಲ್ಲ, ಅದು ಆ ಸಿಗ್ನಲ್ಲನ್ನು ತಾನೇ ಕೇಳಿಸಿಕೊಳ್ಳಲು ಬರೆದಿರಬೇಕು. ಬರೆದಿರದಿದ್ದರೆ ಡಾಕರ್ ಹತ್ತು ಸೆಕೆಂಡು ಕಾದು ಕತ್ತು ಹಿಸುಕುತ್ತದೆ. ಹಾಗೆ ಅರ್ಧ ಬರೆದು ನಿಂತ ದಾಖಲೆಗಳನ್ನು ಮರುದಿನ ಬೆಳಿಗ್ಗೆ ಕೂತು ಸರಿಪಡಿಸಿದವರಲ್ಲಿ ನಾನೂ ಒಬ್ಬ. ‘ಟಿನಿ’ ಎಂಬ ಪುಟ್ಟ ಇನಿಟ್ ಪ್ರೋಗ್ರಾಮನ್ನು ಮುಂದೆ ನಿಲ್ಲಿಸಿದ ಮೇಲೆ ನಮಗೆ ನೆಮ್ಮದಿಯಾಯಿತು.

ಇತ್ತ ಎಮೆಲ್ಯಾನೊವ್ 2011ರಲ್ಲಿ ಕ್ರಿಯು ಯೋಜನೆ ಶುರುಮಾಡಿ, ಪ್ರೊಸೆಸ್‌ಗಳನ್ನು ನಿಲ್ಲಿಸಿ ಬೇರೆಡೆ ಎಬ್ಬಿಸುವ ಹಳೆಯ ಆಸೆಯನ್ನು ನೇಮ್‌ಸ್ಪೇಸ್‌ಗಳ ಮೇಲೆಯೇ ಈಡೇರಿಸಿದರು. 2012ರಲ್ಲಿ ಮನೆಯೊಳಗೊಂದು ಮನೆ ಎಷ್ಟು ಆಳಕ್ಕೆ ಹೋಗಬಹುದು ಎಂಬುದಕ್ಕೆ 32ರ ಮಿತಿ ಬಿತ್ತು. ಮೊಲ್ನಾರ್ ಅವರ ಬಿಟ್ ಪುಟ ಹದಿನೈದು ವರ್ಷ ದುಡಿದು ನಿವೃತ್ತವಾಯಿತು. 2017ರಲ್ಲಿ ಗಾರ್ಗಿ ಶರ್ಮಾ ಎಂಬ ಯುವತಿ ಔಟ್‌ರೀಚಿ ಇಂಟರ್ನ್‌ಶಿಪ್‌ನಿಂದ ಹೊರಟ ಕೆಲಸದಲ್ಲಿ ಅದನ್ನು ತೆಗೆದು, ಕರ್ನೆಲ್‌ನಲ್ಲಿ ಮೊದಲೇ ಇದ್ದ ಐಡಿಆರ್ ಎಂಬ ಮರದ ರಚನೆಯನ್ನು ಕೂರಿಸಿದರು. 2018ರ ಜನವರಿಯ 4.15ರಿಂದ ಎಲ್ಲ ಲಿನಕ್ಸ್ ಯಂತ್ರಗಳೂ ನಂಬರು ಕೊಡುವುದು ಆ ಕೋಡಿನಿಂದ. ನಂಬರು ಸುತ್ತಿ ಬಂದು ಬೇರೆ ಯಾರನ್ನೋ ಕೊಲ್ಲುವ ರೋಗಕ್ಕೆ ಸಾಮಾನ್ಯ ಪ್ರೋಗ್ರಾಮುಗಳಿಗೂ ಮದ್ದು ಸಿಕ್ಕಿದ್ದು 2019ರಲ್ಲಿ, ಕ್ರಿಶ್ಚಿಯನ್ ಬ್ರೌನರ್ ತಂದ ಪಿಐಡಿ-ಎಫ್‌ಡಿಯಿಂದ. ಕರ್ನೆಲ್ ಒಳಗಿದ್ದ ಗುರುತುಚೀಟಿಯೇ ಕೈಗೆ ಬಂದ ಹಾಗೆ.

ಆ ಹೊತ್ತಿಗೆ ಇನಿಟ್ ಕೆಲಸ ಮಾಡುವ ಸಿಸ್ಟಮ್‌ಡಿ ಪಿಐಡಿಯ ಮೇಲ್ಮಿತಿಯನ್ನು 32,768ರಿಂದ 41,94,304ಕ್ಕೆ ಏರಿಸಿತ್ತು. ಈ ಮಿತಿ ಮಾತ್ರ ಇಡೀ ಯಂತ್ರಕ್ಕೆ ಒಂದೇ ಆಗಿ ಉಳಿದಿತ್ತು, ಹಳೆಯ ಕಾಲದ ಕೊನೆಯ ತುಂಡಿನ ಹಾಗೆ. ಅದು ಎಡವಿದ್ದು ಆಂಡ್ರಾಯ್ಡ್‌ನಲ್ಲಿ. ಅದರ 32-ಬಿಟ್ ಸಿ ಲೈಬ್ರರಿಯ ಬೀಗಗಳಲ್ಲಿ, ಬೀಗ ಹಿಡಿದವನ ನಂಬರು ಬರೆಯಲು ಇರುವ ಜಾಗ 16 ಬಿಟ್ ಮಾತ್ರ. 65,535 ಮೀರಿದ ನಂಬರು ಬಂದರೆ ಅದು ಥ್ರೆಡ್ ಹುಟ್ಟಿಸದೆ ನಿಂತುಬಿಡುತ್ತದೆ. ಹೊಸ ಯಂತ್ರದ ಕಂಟೇನರಿನಲ್ಲಿ ಹಳೆಯ ಆಂಡ್ರಾಯ್ಡ್ ಓಡಿಸುವವರಿಗಾಗಿ ಬ್ರೌನರ್ ಮತ್ತು ಅಲೆಕ್ಸಾಂಡರ್ ಮಿಖಾಲಿತ್ಸಿನ್ ಆ ಮಿತಿಯನ್ನೂ ನೇಮ್‌ಸ್ಪೇಸಿಗೆ ಇಳಿಸಿದರು. 2025ರ ಮಾರ್ಚಿನಲ್ಲಿ ಬಂದ ಲಿನಕ್ಸ್ 6.14ರಲ್ಲಿ ಪ್ರತಿ ಮನೆಯೂ ತಾನು ಎಷ್ಟರವರೆಗೆ ಎಣಿಸಬೇಕೆಂಬುದನ್ನು ತಾನೇ ಬರೆದುಕೊಳ್ಳುತ್ತದೆ. ಹೊರಗೆ ನಲವತ್ತು ಲಕ್ಷದವರೆಗೆ ಎಣಿಕೆ ನಡೆಯುತ್ತಿರುವಾಗ ಒಳಗಿನ ಆಂಡ್ರಾಯ್ಡ್ 65,535ಕ್ಕೆ ನಿಂತು, ಪಿಡಿಪಿ-11ರ ದಿನಗಳ ಯುನಿಕ್ಸ್‌ನಂತೆ, ಮೊದಲಿನಿಂದ ಎಣಿಸಲು ಹೊರಡುತ್ತದೆ.